ಬಾವಿ ಮೇಸ್ತ್ರಿಯ ಇಂಗುಗುಂಡಿ

ಬಾವಿ ಮೇಸ್ತ್ರಿಯ ಮನೆಯ ಕಕ್ಕಸು ಆ ಬೆಳಿಗ್ಗೆ, ಎಲ್ಲರೂ ತಿಂಡಿಗೆ ಕೂತ ಹೊತ್ತು ನೋಡಿಕೊಂಡೇ, ಗೊಳಗೊಳ ಎಂದು ತೇಗಿತು. ಮಳೆ ಹಿಡಿದು ಮೂರು ವಾರವಾಗಿತ್ತು. ಪ್ರತಿ ವರ್ಷವೂ ಹೀಗೆಯೇ. ಮೂರನೆಯ ವಾರ ತೇಗು, ನಾಲ್ಕನೆಯ ವಾರ ವಾಸನೆ, ಐದನೆಯ ವಾರ ಕೊಳೆನೀರು ಬಚ್ಚಲಿನ ತೂತಿನಿಂದ ಮೇಲಕ್ಕೆ ಬಂದು ಮನೆಯವರ ಯೋಗಕ್ಷೇಮ ವಿಚಾರಿಸುವುದು.

ಮಾವ ಚಹಾದಲ್ಲಿ ಅದ್ದಿದ ಬ್ರೆಡ್ಡನ್ನು ಅಲ್ಲೇ ಬಿಟ್ಟರು.

"ಇವತ್ತಿಂದ ಈ ಮನೇಲಿ ಬಟ್ಟೆ ಒಗೆಯೋದು ಬಂದ್," ಎಂದರು.

ಸೊಸೆ ಮೊಟ್ಟೆ ಸುಲಿಯುತ್ತಿದ್ದಳು. "ಯಾರ ಬಟ್ಟೆ ಮಾವ?"

"ಯಾರ ಬಟ್ಟೆ ಅಂತೆ! ಆ ವಸತಿಗೃಹದ ಬಟ್ಟೆ. ಕಂಡೋರೆಲ್ಲ ಮಲಗಿ ಎದ್ದ ಹೊದಿಕೆ ತಂದು ಇಲ್ಲಿ ಕುಕ್ಕಿದ್ರೆ ನನ್ನ ಗುಂಡಿ ತಡೆಯುತ್ತಾ?"

"ನಾನು ಒಗೆಯೋಕೆ ಶುರು ಮಾಡಿ ಎರಡು ವರ್ಷ. ಗುಂಡಿ ತುಂಬೋಕೆ ಶುರುವಾಗಿ ನಾಲ್ಕು ವರ್ಷ."

"ಆಗ ಬರೀ ತುಂಬ್ತಿತ್ತು. ಈಗ ತೇಗ್ತಿದೆ."

"ಆಗಲೂ ತೇಗ್ತಿತ್ತು," ಎಂದರು ಅತ್ತೆ ಒಲೆಯ ಕಡೆಯಿಂದ. ಅತ್ತೆಗೆ ಕಿವಿ ಮಂದ. ಆದರೆ ಗಂಡನಿಗೆ ಎದುರು ಹೇಳುವ ಅವಕಾಶ ಬಂತೆಂದರೆ ಗೋಡೆಯಾಚೆಯ ಪಿಸುಮಾತೂ ಕೇಳಿಸುತ್ತಿತ್ತು.

ಸೊಸೆಯ ಗಂಡ ಬಸ್ ಡ್ರೈವರ್. ರಸ್ತೆಯಲ್ಲಿ ಲಾರಿಗೂ ಜಾಗ ಬಿಡದ ಗಂಡಸು ಮನೆಯಲ್ಲಿ ಮಾತ್ರ ಎಲ್ಲರಿಗೂ ದಾರಿ ಬಿಡುತ್ತಿದ್ದ. "ಅಪ್ಪ ಹೇಳೋದರಲ್ಲೂ ಒಂದು ಅರ್ಥ ಇದೆ, ನೀನು ಹೇಳೋದರಲ್ಲೂ ಒಂದು ಅರ್ಥ ಇದೆ," ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು, ಟೋಪಿ ಹಾಕಿಕೊಂಡು ಡಿಪೋಗೆ ನಡೆದ.

ಈ ಮಾವ ಸಾಮಾನ್ಯರಲ್ಲ. ನಲವತ್ತು ವರ್ಷದಲ್ಲಿ ನಾನೂರು ಬಾವಿ ತೋಡಿಸಿದವರು. ಅದರಲ್ಲಿ ಅರ್ಧದಷ್ಟಕ್ಕೆ ತಾವೇ ಹಾರೆ ಹಿಡಿದು ಇಳಿದವರು. ಹೀಗಾಗಿ ಮನೆಯ ಕೊಳೆನೀರು ಇಳಿಯುವ ಇಂಗುಗುಂಡಿ ತುಂಬಿತು ಎಂದರೆ ಅವರಿಗೆ ಗೊತ್ತಿದ್ದ ಮದ್ದು ಒಂದೇ: ಇನ್ನೂ ಆಳಕ್ಕೆ ತೋಡುವುದು. ಮೊದಲ ವರ್ಷ ಆರು ಮೊಳ, ಮರುವರ್ಷ ಒಂಬತ್ತು, ಹೋದ ಬೇಸಿಗೆಯಲ್ಲಿ ಹನ್ನೆರಡು. ಬೇಸಿಗೆಯಲ್ಲಿ ಗುಂಡಿ ಒಣಗಿ ಬಿರುಕು ಬಿಟ್ಟು, ಮಾವನಿಗೆ ಸೈ ಅನ್ನುತ್ತಿತ್ತು. ಮಳೆ ಬಂದೊಡನೆ ಮಾನ ಕಳೆಯುತ್ತಿತ್ತು. ತಮ್ಮ ಕೈಯ ಗುಂಡಿ ತಪ್ಪಿರಬಹುದು ಎಂಬ ಮಾತು ಮಾವನ ತಲೆಯೊಳಗೆ ಹೋಗಲು ಬಾಗಿಲೇ ಇರಲಿಲ್ಲ. ಅಂದಮೇಲೆ ತಪ್ಪು ಬೇರೆ ಯಾರದ್ದೋ ಇರಲೇಬೇಕಲ್ಲ!

ಸೊಸೆಗೆ ಆ ಬಟ್ಟೆ ಒಗೆಯುವ ಕೆಲಸ ಎಂದರೆ ಬರೀ ಕೆಲಸವಲ್ಲ. ಒಂಬತ್ತು ವರ್ಷ ಅವಳು ಪೇಟೆಯ ಲಾಂಡ್ರಿಯಲ್ಲಿ ಇಸ್ತ್ರಿ ಹಾಕಿದ್ದಳು. ಅಲ್ಲಿಯ ಯಜಮಾನ ಹೆಂಗಸರನ್ನು ಮೇಜಿನ ನಂಬರಿನಿಂದ ಕರೆಯುತ್ತಿದ್ದ. "ಏಯ್ ಮೂರು, ಕೈ ಓಡ್ಲಿ!" ಒಂಬತ್ತು ವರ್ಷ ಅವಳು ಮೂರು ಆಗಿಯೇ ಇದ್ದಳು. ಆಮೇಲೆ ಬಾಗಿಲು ನೆಗ್ಗಿದ ಒಂದು ಹಳೆಯ ದೊಡ್ಡ ಮೆಷಿನ್ನು ಕೈಗೆ ಸಿಕ್ಕಿ, ಇಪ್ಪತ್ತು ಕೋಣೆಯ ವಸತಿಗೃಹದ ಹೊದಿಕೆ, ದಿಂಬಿನ ಚೀಲಗಳ ಕೆಲಸ ಹಿಡಿದು, ಹಿತ್ತಿಲ ಕೊಟ್ಟಿಗೆಯಲ್ಲಿ ತನ್ನದೇ ಒಂದು ಲಾಂಡ್ರಿ ಹೂಡಿದ್ದಳು. ಆ ಮನೆಯಲ್ಲಿ ಅವಳದು ಅಂತ ಇದ್ದದ್ದು ಅದೊಂದೇ. ಅದನ್ನು ಬಿಟ್ಟರೆ ಮತ್ತೆ ಮೂರನೇ ನಂಬರಿನ ಮೇಜು. ಸತ್ತರೂ ಅಲ್ಲಿಗೆ ಹೋಗುವುದಿಲ್ಲ ಎಂದು ಅವಳು ಎಂದೋ ತೀರ್ಮಾನಿಸಿಯಾಗಿತ್ತು.

ಮೊಟ್ಟೆಯ ತಟ್ಟೆಯನ್ನು ಮಾವನ ಮುಂದೆ ಟಪ್ ಎಂದು ಇಟ್ಟಳು.

"ಎಂಟು ದಿನ ಒಂದು ಕರವಸ್ತ್ರವನ್ನೂ ಒಗೆಯಲ್ಲ. ಒಂದು ತೊಟ್ಟು ನೀರು ಗುಂಡಿಗೆ ಬಿಡಲ್ಲ. ಗುಂಡಿ ಇಳಿದ್ರೆ ಮೆಷಿನ್ನು ನಾನೇ ಮಾರ್ತೀನಿ."

"ಇಳಿದೇ ಇಳಿಯುತ್ತೆ."

"ಇಳೀದಿದ್ರೆ?"

"ಇಳೀದಿದ್ರೆ ಅನ್ನೋ ಮಾತೇ ಇಲ್ಲ."

"ಇದೆ ಮಾವ. ಇಳೀದಿದ್ರೆ ಮೆಷಿನ್ನಿನ ಸುದ್ದಿಗೆ ಬರಬಾರದು. ಮತ್ತೆ, ಆ ಗುಂಡಿಗೆ ಏನು ಮಾಡಬೇಕು ಅಂತ ನಾನು ಹೇಳಿದ ಹಾಗೆ ನೀವು ಕೇಳ್ಬೇಕು."

ಮಾವ ಮೊಟ್ಟೆಯನ್ನು ಇಡೀ ಬಾಯಿಗೆ ಹಾಕಿಕೊಂಡು ತಲೆಯಾಡಿಸಿದರು. ಅಷ್ಟು ಧೈರ್ಯ ಅವರಿಗೆ.

ವಸತಿಗೃಹದ ಯಜಮಾನಿಗೆ ವಿಷಯ ಹೇಳಲು ಸೊಸೆ ಅಂದೇ ಹೋದಳು. ಯಜಮಾನಿ ನೇರ ಹೆಂಗಸು.

"ಒಂದು ತಿಂಗಳು ಪೇಟೆ ಲಾಂಡ್ರಿಗೆ ಕೊಡ್ತೀನಿ. ಅಷ್ಟರೊಳಗೆ ಬಂದ್ರೆ ಕೆಲಸ ನಿನ್ನದು. ಇಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡ."

"ಬರ್ತೀನಿ," ಎಂದಳು ಸೊಸೆ. ಹೇಗೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಹಿಂದಿನ ಬಾಗಿಲಿನಿಂದ ಹೊರಬರುವಾಗ ಅವಳ ಕಣ್ಣಿಗೆ ಎರಡು ವರ್ಷದಿಂದ ಕಾಣುತ್ತಿದ್ದ ಹುಲ್ಲಿನ ದಿಬ್ಬ ಬಿತ್ತು. ಸೊಂಟದೆತ್ತರ, ಬಸ್ಸಿನಷ್ಟು ಉದ್ದ. ತೋಟದ ಅಲಂಕಾರಕ್ಕೆ ಮಾಡಿದ್ದೆಂದು ತಿಳಿದಿದ್ದಳು. ಇದೇ ಚಪ್ಪಟೆ ಬಯಲಿನಲ್ಲಿ, ಇದೇ ಜೇಡಿಯ ಮೇಲೆ ಇಪ್ಪತ್ತು ಕೋಣೆಯ ಕಕ್ಕಸು ತೇಗದೆ ಇರುವುದು ಹೇಗೆ ಎಂಬ ಪ್ರಶ್ನೆ ಅದುವರೆಗೂ ಅವಳಿಗೆ ಹೊಳೆದಿರಲಿಲ್ಲ. ಅಲ್ಲೇ ಪೈಪು ಕೊಯ್ಯುತ್ತಿದ್ದ ನಲ್ಲಿ ರಿಪೇರಿಯವನನ್ನು ಕೇಳಿದಳು.

"ಅದಾ? ಅದು ಮರಳು ದಿಬ್ಬ ಅಕ್ಕಾ," ಎಂದ. "ಕೊಳೆನೀರನ್ನ ಪಂಪಲ್ಲಿ ಮೇಲೆತ್ತಿ ಅದರೊಳಗೆ ಬಿಡೋದು. ಮರಳಲ್ಲಿ ಸೋಸಿಕೊಂಡು ನಿಧಾನಕ್ಕೆ ಇಳಿಯುತ್ತೆ. ಈ ಬಯಲು ಹಿಂದೆ ಯಾವ ಕಾಲದಲ್ಲೋ ಸರೋವರ ಇತ್ತಂತೆ. ಮೇಲೆ ಒಂದು ಗೇಣು ಒಳ್ಳೆ ಮಣ್ಣು, ಕೆಳಗೆಲ್ಲ ಜೇಡಿ, ಹಾಳೆ ಮೇಲೆ ಹಾಳೆ ಇಟ್ಟ ಹಾಗೆ. ಮಳೆಗಾಲದಲ್ಲಿ ನೆಲದ ನೀರೇ ಮೊಣಕಾಲ ಮಟ್ಟಕ್ಕೆ ಬಂದು ಕೂತಿರುತ್ತೆ. ಗುಂಡಿ ತೋಡಿದ್ರೆ ನೀರು ಎಲ್ಲಿಗೆ ಹೋಗ್ಬೇಕು ಪಾಪ?"

ಸೊಸೆ ಆ ದಿಬ್ಬವನ್ನು ಮೂರು ಸುತ್ತು ಸುತ್ತಿ ನೋಡಿ ಮನೆಗೆ ಬಂದಳು. ಬಂದು ಬಾಯಿ ಬಿಡಲಿಲ್ಲ. ನಾನೂರು ಬಾವಿಯ ಎದುರು ನಲ್ಲಿ ರಿಪೇರಿಯವನ ಮಾತು ನಿಲ್ಲುತ್ತದೆಯೇ?

ಮುಂದಿನ ಎಂಟು ದಿನ ಆ ಮನೆಯವರು ಪಟ್ಟ ಪಾಡು ಬೀದಿಗೆಲ್ಲ ಮನರಂಜನೆ. ಗಂಡ ಡಿಪೋದಲ್ಲೇ ಸ್ನಾನ ಮುಗಿಸಿಕೊಂಡು ಬರುತ್ತಿದ್ದ. ಪಾತ್ರೆ ತೊಳೆದ ನೀರನ್ನು ಸೊಸೆ ಬಕೆಟ್ಟಿನಲ್ಲಿ ಹೊತ್ತು ಬೀದಿಯ ಮೋರಿಗೆ ಸುರಿದು ಬರುತ್ತಿದ್ದಳು. ಮಿಕ್ಕಿದ್ದಕ್ಕೆಲ್ಲ ಬಸ್ ನಿಲ್ದಾಣದ ಸಾರ್ವಜನಿಕ ಕಕ್ಕಸು. ಅತ್ತೆ ಬೆಳಿಗ್ಗೆ ಕೊಡೆ ಬಿಚ್ಚಿಕೊಂಡು ಅಲ್ಲಿಗೆ ಹೊರಟರೆಂದರೆ ದಾರಿಯುದ್ದಕ್ಕೂ ಎಲ್ಲರಿಗೂ ಸಮಾಚಾರ ಹೇಳಿಕೊಂಡು ಹೋಗುವರು.

"ಎಲ್ಲಿಗೆ ಹೊರಟ್ರಿ?"

"ಬಾವಿ ಮೇಸ್ತ್ರಿ ಹೆಂಡತಿ ಎಲ್ಲಿಗೆ ಹೋಗ್ತಾಳೆ? ಕಕ್ಕಸು ಹುಡುಕ್ಕೊಂಡು."

ದಿನಕ್ಕೆರಡು ಸಲ ಸೊಸೆ ಗುಂಡಿಯ ಮುಚ್ಚಳ ಸರಿಸಿ ಬಿದಿರುಕೋಲು ಇಳಿಬಿಟ್ಟು ನೋಡುತ್ತಿದ್ದಳು. ಮಾವನೂ ಪಕ್ಕದಲ್ಲಿ ಬಗ್ಗಿ ನಿಲ್ಲುವರು. ಮೂರನೆಯ ದಿನ ನೀರು ಇಳಿದಿರಲಿಲ್ಲ. ನಾಲ್ಕನೆಯ ದಿನ ಎರಡು ಬೆರಳು ಏರಿತ್ತು.

"ಮುಚ್ಚಳದ ಸಂದಿಯಿಂದ ಮಳೆ ನೀರು ಇಳೀತಿದೆ," ಎಂದರು ಮಾವ.

ಸೊಸೆ ಟಾರ್ಪಾಲು ಹೊದಿಸಿ ಸುತ್ತ ಕಲ್ಲು ಹೇರಿದಳು. ಆರನೆಯ ದಿನ ಇನ್ನೂ ಮೂರು ಬೆರಳು ಏರಿತು.

"ನಲ್ಲಿ ಪೈಪು ಎಲ್ಲೋ ಒಡೆದಿರಬೇಕು."

ಸೊಸೆ ನಲ್ಲಿಯ ಮುಖ್ಯ ತಿರುಪನ್ನೇ ಮುಚ್ಚಿ, ಪಕ್ಕದ ಮನೆಯಿಂದ ನೀರು ಹೊತ್ತಳು. ಬೆನ್ನು ಮುರಿದ ಹಾಗಾಯಿತು. ಏಳನೆಯ ದಿನ ಮತ್ತೆ ಒಂದು ಬೆರಳು.

"ಹಿಂದೆ ನೀನು ಬಿಟ್ಟ ಸೋಪಿನ ನೀರೇ ಮಣ್ಣಲ್ಲಿ ನಿಂತಿದೆ. ಅದು ವಾಪಸ್ ಬರ್ತಿದೆ," ಎಂದರು ಮಾವ.

ಇದನ್ನು ಕೇಳಿ ಸೊಸೆಗೆ ಉರಿದುಹೋಯಿತು. ನೀರು ಹೊತ್ತ ಬಕೆಟ್ಟನ್ನು ಅಲ್ಲೇ ಕುಕ್ಕಿದಳು.

"ಸರಿ ಮಾವ. ಪೈಪೇ ಇಲ್ಲದ ಕಡೆ, ಸೋಪು ಸೋಕದ ಕಡೆ ತೋಡಿ ತೋರಿಸ್ತೀನಿ. ಅಲ್ಲೂ ನೀರು ನಿಂತ್ರೆ ಆಗ ಏನಂತೀರಿ?"

"ಮೊದಲು ತೋಡು. ಆಮೇಲೆ ಅಂತೀನಿ."

ಎಂಟನೆಯ ದಿನ ಭಾನುವಾರ, ಗಂಡನಿಗೆ ರಜೆ. ಸೊಸೆ ತಿಂಡಿ ಮುಗಿಸಿ, ಮಾವನ ಸನಿಕೆ ಎತ್ತಿಕೊಂಡು ಹಿತ್ತಿಲಿನ ಆ ತುದಿಗೆ, ಗುಂಡಿಯಿಂದ ಮೂವತ್ತು ಹೆಜ್ಜೆ ಆಚೆಗೆ ಹೋದಳು. ಮಾವ ಮೆಟ್ಟಿಲ ಮೇಲೆ ಚಹಾ ಹಿಡಿದು ಕೂತರು. ಮೇಲಿನ ಕಪ್ಪು ಮಣ್ಣು ಸುಲಭವಾಗಿ ಎದ್ದಿತು. ಅದರ ಕೆಳಗಿನ ಜೇಡಿ ಸನಿಕೆಗೆ ಅಂಟಿಕೊಂಡು ಬಿಡಲೊಲ್ಲದು. ಅವಳು ಕೆರೆದಳು, ಒದ್ದಳು, ಬೈದಳು.

"ಸನಿಕೆ ಹಿಡಿಯೋದು ಹಾಗಾ? ಸೌಟು ಹಿಡಿದ ಹಾಗೆ ಹಿಡ್ಕೊಂಡಿದ್ದೀಯ," ಎಂದರು ಮಾವ ಕೂತಲ್ಲಿಂದ.

"ನನಗೆ ಬರೋ ಹಾಗೆ ಹಿಡಿದಿದ್ದೀನಿ."

"ಗೋಡೆ ನೆಟ್ಟಗೆ ಇರಬೇಕು. ಏನದು, ನಾಯಿ ಕೆದರಿದ ಹಾಗೆ?"

"ನಾಯಿ ಕೆದರಿದ್ರೂ ನೀರು ಬಂದ್ರೆ ಸಾಕು."

"ಮೂಲೆ ಬಿಟ್ಟು ನಡು ತೋಡ್ತಾಳೆ! ಅಯ್ಯೋ, ಮಣ್ಣು ಅಂಚಿಗೇ ಹಾಕ್ತಾಳೆ! ಅದು ವಾಪಸ್ ಬೀಳಲ್ವಾ? ಕಣ್ಣಲ್ಲಿ ನೋಡೋಕಾಗಲ್ಲ ಇದನ್ನ."

ಅವಳು ಬೇಕೆಂದೇ ಹಾಗೆ ತೋಡಿದಳೇ ಎಂದು ಬೀದಿಯವರು ಆಮೇಲೆ ಕೇಳಿದ್ದುಂಟು. ಇಲ್ಲ, ಅವಳಿಗೆ ನಿಜವಾಗಿಯೂ ಬರುತ್ತಿರಲಿಲ್ಲ. ಹತ್ತು ನಿಮಿಷ ಮಾವ ಹೇಗೋ ತಡೆದುಕೊಂಡರು. ಆಮೇಲೆ ಲೋಟ ಕೆಳಗಿಟ್ಟು, ಪ್ಯಾಂಟನ್ನು ಮಂಡಿಯ ತನಕ ಮಡಚಿ, ದಡದಡ ಬಂದು ಸನಿಕೆ ಕಿತ್ತುಕೊಂಡರು.

"ಆ ಕಡೆ ನಿಲ್ಲು. ನೋಡಿ ಕಲಿ."

ಅರವತ್ತೆಂಟರ ಮೈ, ಆದರೆ ಸನಿಕೆ ಕೈಗೆ ಬಂದೊಡನೆ ಇಪ್ಪತ್ತು ವರ್ಷ ಉದುರಿಹೋಯಿತು. ನಾಲ್ಕು ಮೂಲೆ ಗುರುತು ಹಾಕಿ, ಗೋಡೆ ಕೊಯ್ದ ಹಾಗೆ ಇಳಿಸುತ್ತ, ಮಣ್ಣನ್ನು ಎರಡು ಮಾರು ದೂರಕ್ಕೆ ಎಸೆಯುತ್ತ, ಮಾವ ಮೊಣಕಾಲುದ್ದ ಇಳಿದರು. ಅಲ್ಲಿ ಜೇಡಿಯ ಬಣ್ಣ ತಿರುಗಿತು. ಬೂದಿಯ ಬಣ್ಣ, ಅದರ ತುಂಬ ತುಕ್ಕು ಹಿಡಿದಂಥ ಕೆಂಪು ಕಲೆಗಳು. ಮಾವ ಒಂದು ಹೆಂಟೆಯನ್ನು ಕೈಗೆತ್ತಿಕೊಂಡು ಹೆಬ್ಬೆರಳಲ್ಲಿ ತೀಡಿ ಸೊಸೆಯ ಮುಖಕ್ಕೆ ಹಿಡಿದರು.

"ಇದೇನು ಗೊತ್ತಾ? ನೀರು ಬಂದು ಹೋಗೋ ಗುರುತು. ನೀರು ನಿಂತಷ್ಟು ದಿನ ಬೂದಿ ಬಣ್ಣ. ಇಳಿದು ಗಾಳಿಯಾಡಿದಾಗ ತುಕ್ಕು. ಬೇಸಿಗೇಲಿ ಬಂದು ನೋಡಿದ್ರೂ ಈ ಮಣ್ಣು ಸುಳ್ಳು ಹೇಳಲ್ಲ. ಈ ಸೈಟು ಯಾರಿಗೂ ಬೇಡವಾಗಿತ್ತು. ನಾನು ಒಂದು ಗುದ್ದು ಹಾಕಿದೆ, ಈ ಕಲೆ ಕಾಣಿಸ್ತು. ಎರಡೇ ಮೊಳಕ್ಕೆ ನೀರು! ಇಂಥ ಜಾಗ ಯಾರಾದ್ರೂ ಬಿಡ್ತಾರಾ ಅಂತ ಅವತ್ತೇ ಮುಂಗಡ ಕೊಟ್ಟೆ."

 ಗಂಡ ಬಂದು ಹೆಂಡತಿಯ ಪಕ್ಕ ನಿಂತ. ಅವನಿಗೆ ಏನೋ ಅರ್ಥವಾಗತೊಡಗಿತ್ತು; ಬಾಯಿ ತೆರೆಯಲು ಹೋದವನ ಪಾದವನ್ನು ಸೊಸೆ ಮೆಲ್ಲಗೆ ತುಳಿದಳು.

ಮಾವ ಇನ್ನೂ ಒಂದು ಗೇಣು ಇಳಿದರು. ಗೋಡೆಯ ಪದರಗಳ ಸಂದಿಯಿಂದ ಬೆವರಿನಂತೆ ಒಸರು ಶುರುವಾಯಿತು. ಕಾಲ ಕೆಳಗೆ ಪಚಪಚ ಎಂದಿತು. ಹಿಮ್ಮಡಿ ಮುಳುಗಿತು. ಮಾವನ ಮುಖ ಅರಳಿದ್ದನ್ನು ನೋಡಬೇಕಿತ್ತು! ಸನಿಕೆಯನ್ನು ಮೇಲಕ್ಕೆತ್ತಿ, ನಾನೂರು ಬಾವಿಯಲ್ಲಿ ಕೂಗಿದ ಹಾಗೆಯೇ ಗಂಟಲು ಬಿಚ್ಚಿ ಕೂಗಿದರು.

"ನೀರು! ನೀರು ಬಂತು! ಬನ್ನಿ ಎಲ್ರೂ, ನೀರು ಬಂತು!"

ಅತ್ತೆ ಒದ್ದೆ ಕೈಯಲ್ಲೇ ಓಡಿಬಂದರು. ಕಾಂಪೌಂಡಿನ ಮೇಲೆ ಪಕ್ಕದ ಮನೆಯವರ ತಲೆಗಳು ಎದ್ದವು. ಮಾವ ಒಬ್ಬೊಬ್ಬರ ಮುಖವನ್ನೇ ನೋಡುತ್ತ ಬಂದರು. ಕೊನೆಗೆ ಸೊಸೆಯ ಮುಖ ನೋಡಿದರು. ಎತ್ತಿದ ಸನಿಕೆ ನಿಧಾನವಾಗಿ ಕೆಳಗಿಳಿಯಿತು.

"ಏನ್ ಮೇಸ್ತ್ರಿ, ಹೊಸ ಬಾವಿನಾ?" ಎಂದ ಪಕ್ಕದ ಮನೆಯವನು.

 ಆ ಹೊತ್ತಿಗೇ ಗೇಟಿನಲ್ಲಿ ಗಾಡಿಯ ಸದ್ದಾಯಿತು. ಹಳೆಯ ಸಾಮಾನಿನ ವ್ಯಾಪಾರಿ ಹಗ್ಗ ಸುತ್ತಿಕೊಂಡು ಒಳಗೆ ಬಂದ.

"ಮೆಷಿನ್ನು ಎಲ್ಲಿದೆ? ಮೇಸ್ತ್ರಿ ಭಾನುವಾರ ಬಂದು ತಗೊಂಡು ಹೋಗು ಅಂದಿದ್ರು."

ಸೊಸೆ ವ್ಯಾಪಾರಿಯ ದಾರಿಗೆ ಅಡ್ಡ ನಿಂತಳು. 

"ಯಾವಾಗ ಹೇಳಿದ್ರು?"

"ಎಂಟು ದಿನ ಆಯ್ತಮ್ಮ. ಆ ಶನಿವಾರಾನೇ."

"ಗುಂಡಿಗೆ ಕೋಲು ಇಳಿಸೋ ಮೊದಲೇ ಗಿರಾಕಿ ಕರೆಸಿದ್ರಾ ಮಾವ? ನಾನು ಎಂಟು ದಿನ ಬಕೆಟ್ ಹೊತ್ತು ಸಾಯ್ತಾ ಇದ್ರೆ, ನೀವು ಹಗ್ಗ ತರೋಕೆ ಹೇಳಿದ್ರಾ?"

 ಮಾವ ಮೇಲೆ ಹತ್ತಲು ಅಂಚಿಗೆ ಕೈಯೂರಿದರು, ಜೇಡಿ ಜಾರಿತು. ಗಂಡ ಬಗ್ಗಿ ಕೈ ಚಾಚಿದ.

"ಕೈ ತೆಗೀರಿ," ಎಂದಳು ಸೊಸೆ.

"ಅಪ್ಪ ಕಣೇ..."

"ಅಪ್ಪಾನೇ. ಬರಲಿ. ಮೊದಲು ಈ ವ್ಯಾಪಾರಿಗೆ ಹೇಳೋದು ಹೇಳಿ ಆಮೇಲೆ ಬರಲಿ. ಇಷ್ಟು ವರ್ಷ ಇಬ್ಬರ ಮಾತಲ್ಲೂ ಅರ್ಥ ಇದೆ ಅಂತಿದ್ರಲ್ಲ, ಇವತ್ತು ಒಂದು ಕಡೆ ನಿಲ್ಲಿ."

ಗಂಡ ಅಪ್ಪನನ್ನು ನೋಡಿದ, ಹೆಂಡತಿಯನ್ನು ನೋಡಿದ, ನೀರನ್ನು ನೋಡಿದ. ಕೈಯನ್ನು ಹಿಂದಕ್ಕೆ ಎಳೆದುಕೊಂಡು ಜೇಬಿನೊಳಗೆ ಇಟ್ಟುಕೊಂಡ. ಮದುವೆಯಾದ ಹನ್ನೊಂದು ವರ್ಷದಲ್ಲಿ ಅವನು ಒಂದು ಕಡೆ ನಿಂತದ್ದು ಅದೇ ಮೊದಲು. 

"ಹೇಳಿಬಿಡ್ರೀ," ಎಂದರು ಅತ್ತೆ. "ಆ ವಯಸ್ಸಲ್ಲಿ ಕಾಲು ನೆನೆಸ್ಕೊಂಡು ನಿಂತ್ರೆ ರಾತ್ರಿ ಕೆಮ್ಮೋರು ನೀವು, ಎದ್ದು ಕೂರೋಳು ನಾನು."

ಮಾವ ವ್ಯಾಪಾರಿಯ ಕಡೆ ತಿರುಗಿದರು. "ಮಾರೋದಿಲ್ಲಪ್ಪ. ನೀನು ಹೋಗು."

"ನೀವೇ ಬಾ ಅಂದ್ರಿ!"

"ಅಂದಿದ್ದೆ. ಈಗ ಹೋಗು ಅಂತಿದ್ದೀನಿ. ಕಿವಿ ಕೇಳಿಸಲ್ವಾ?"

ಆಮೇಲೆ ಸೊಸೆಯೇ ಕೈ ಕೊಟ್ಟು ಮಾವನನ್ನು ಮೇಲೆ ಎಳೆದಳು. ಕೋಪ ಇಳಿದಿರಲಿಲ್ಲ, ಹಿಡಿತ ಬಿಗಿಯಾಗಿಯೇ ಇತ್ತು.

ಮಧ್ಯಾಹ್ನ ಬೇಯಿಸಿದ ಆಲೂಗಡ್ಡೆ ಬಡಿಸುವಾಗ ಅವಳು ಮಾವ ಕೊಟ್ಟಿದ್ದ ಮಾತಿನ ಉಳಿದರ್ಧ ತೆಗೆದಳು. ಮರಳು ದಿಬ್ಬದ ವಿಷಯ ಎಲ್ಲ ಹೇಳಿದಳು. ಹಳೆಯ ಗುಂಡಿಯನ್ನು ಮುಚ್ಚಿ, ಮೇಲ್ಗಡೆ ಸೋರದ ಸಿಮೆಂಟು ತೊಟ್ಟಿ ಕೂರಿಸಿ, ಅಲ್ಲಿಂದ ಪಂಪಿನಲ್ಲಿ ದಿಬ್ಬಕ್ಕೆ ಎತ್ತುವುದು.

"ದಿಬ್ಬ? ಕಕ್ಕಸಿನ ದಿಬ್ಬ? ಬಾವಿ ಮೇಸ್ತ್ರಿ ಮನೆ ಹಿತ್ತಿಲಲ್ಲಿ?" ಮಾವನ ಧ್ವನಿ ಏರಿತು. "ಬೇಕಾದ್ರೆ ಹದಿನೈದು ಮೊಳಕ್ಕೆ ಇಳಿಸ್ತೀನಿ."

"ಇಳಿಸಿ. ಹದಿನೈದು ಮೊಳ ನೀರು ನಿಲ್ಲುತ್ತೆ. ಮಾವ, ನೀವು ಜನ್ಮ ಎಲ್ಲ ನೀರಿರೋ ಜಾಗ ಹುಡುಕಿದ್ರಿ. ಈಗ ಬೇಕಾಗಿರೋದು ನೀರಿಲ್ಲದ ಜಾಗ. ಈ ಸೈಟಲ್ಲಿ ಅದು ಕೆಳಗಿಲ್ಲ, ಮೇಲಿದೆ."

"ಜನ ನಗ್ತಾರೆ."

"ಅತ್ತೆ ಎಂಟು ದಿನ ಕೊಡೆ ಹಿಡ್ಕೊಂಡು ಬಸ್ ನಿಲ್ದಾಣಕ್ಕೆ ಹೋದಾಗ ಅತ್ತಿದ್ರಾ ಜನ?"

ಮಾವ ಮುಖ ಊದಿಸಿಕೊಂಡು ಎದ್ದರು. ಒಪ್ಪಲಿಲ್ಲ, ಕೊಟ್ಟ ಮಾತನ್ನು ಇಲ್ಲವೆನ್ನಲೂ ಆಗಲಿಲ್ಲ. ಅಷ್ಟು ಸಾಕಾಗಿತ್ತು ಸೊಸೆಗೆ.

ಕೆಲಸ ಕೂಡಲೇ ಶುರುವಾಗಲಿಲ್ಲ. ಒದ್ದೆ ಜೇಡಿಯನ್ನು ತುಳಿದರೆ ಅದು ಗಾರೆಯಂತೆ ಮುಚ್ಚಿಕೊಂಡು ಒಂದು ಹನಿಯನ್ನೂ ಕುಡಿಯುವುದಿಲ್ಲ, ಮಳೆ ಬಿಡುವು ಕೊಟ್ಟು ಮೇಲ್ಮಣ್ಣು ಪುಡಿಯಾಗುವ ತನಕ ಕಾಯಬೇಕು ಎಂದು ನಲ್ಲಿ ರಿಪೇರಿಯವನು ಹೇಳಿದ್ದ. ಸೊಸೆ ಆ ಜಾಗಕ್ಕೆ ಹಗ್ಗ ಕಟ್ಟಿ, ಗಂಡನನ್ನೂ ಕಾಲಿಡಲು ಬಿಡಲಿಲ್ಲ. ಬೆಳಿಗ್ಗೆ ಎದ್ದು ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ ನೋಡುವುದು, ಉಂಡೆಯಾದರೆ ಬೈದುಕೊಂಡು ಒಳಗೆ ಬರುವುದು. ಯಜಮಾನಿ ಕೊಟ್ಟ ತಿಂಗಳಿನಲ್ಲಿ ಹದಿನೇಳು ದಿನ ಹೋದವು. ಪೇಟೆಯ ಲಾಂಡ್ರಿಯ ಯಜಮಾನ ದಾರಿಯಲ್ಲಿ ಸಿಕ್ಕಿ, "ಏನ್ ಮೂರು, ಮೇಜು ಖಾಲಿ ಇದೆ," ಎಂದ. "ನೀವೇ ಹತ್ತಿ ಮಲಗಿ," ಎಂದಳು ಸೊಸೆ, ನಿಲ್ಲದೆಯೇ.

ಹದಿನೆಂಟನೆಯ ದಿನ ಮಣ್ಣು ಮುಷ್ಟಿಯಲ್ಲಿ ಉದುರಿತು. ಗಂಡ ರಜೆ ಹಾಕಿ ಎರಡು ಲೋಡು ದಪ್ಪ ಮರಳು ತಂದ. ಹಳೆಯ ಗುಂಡಿಯನ್ನು ಬಳಿದು ಬರಿದು ಮಾಡಿಸಿ, ಸೊಸೆ ಮಣ್ಣಿನ ಬುಟ್ಟಿ ಎತ್ತಿಕೊಂಡು ಹೋದರೆ ಮಾವ ಅಂಚಿನಲ್ಲಿ ನಿಂತಿದ್ದರು.

"ನಾನು ತೋಡಿದ ಒಂದು ಗುಂಡೀನೂ ಇವತ್ತಿನ ತನಕ ಮುಚ್ಚಿಲ್ಲ," ಎಂದರು. ಕಣ್ಣು ಒದ್ದೆಯಾಗಿತ್ತು. ಹಾಗಂತ ಸೊಸೆ ಬುಟ್ಟಿ ಕೆಳಗಿಡಲಿಲ್ಲ.

"ನೀವು ಮುಚ್ಚಬೇಡಿ ಮಾವ. ನಾನು ಮುಚ್ತೀನಿ. ಸ್ವಲ್ಪ ಪಕ್ಕಕ್ಕೆ ಬನ್ನಿ."

ಅವರು ಪಕ್ಕಕ್ಕೆ ಬಂದರು. ಅವಳು ಬುಟ್ಟಿ ಬೋರಲು ಹಾಕಿದಳು.

ಇಪ್ಪತ್ತೇಳನೆಯ ದಿನ ದಿಬ್ಬ ಎದ್ದಿತು. ಮಾವ ಅದಕ್ಕೆ ಒಂದು ಬೊಗಸೆ ಮರಳನ್ನೂ ಹಾಕಲಿಲ್ಲ. ದಿಬ್ಬದ ಇಳಿಜಾರು ಸೊಟ್ಟಗಿದೆ ಎಂದು ಮಾತ್ರ ನಾಲ್ಕು ಸಲ ಹೇಳಿದರು, ಅದನ್ನು ಸೊಸೆ ನಾಲ್ಕು ಸಲವೂ ಸರಿಮಾಡಿದಳು. ಮರುದಿನವೇ ಮಳೆ ಮತ್ತೆ ಹಿಡಿಯಿತು, ಹಿಂದಿನದಕ್ಕಿಂತ ಜೋರಾಗಿ. ಅದೇ ಮಳೆಯಲ್ಲಿ ಸೊಸೆ ವಸತಿಗೃಹದಿಂದ ಎಂಟು ಮೂಟೆ ಹೊದಿಕೆ ಹೇರಿಸಿಕೊಂಡು ಬಂದು ಮೆಷಿನ್ನು ತಿರುಗಿಸಿದಳು.

ಮಾವ ಕೊಡೆ ಬಿಚ್ಚಿಕೊಂಡು ದಿಬ್ಬದ ಬುಡದಲ್ಲಿ ಸ್ಟೂಲು ಹಾಕಿ ಕೂತರು. ಎಲ್ಲಿ ಒಸರುತ್ತದೆ ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ಒಂದು ಮೂಟೆ ಮುಗಿಯಿತು, ಎರಡು ಮುಗಿಯಿತು. ಪಂಪು ಗುರ್ ಎಂದು ಎತ್ತಿ ಎತ್ತಿ ಹಾಕಿತು. ಊಟಕ್ಕೆ ಕರೆದರೆ ತಟ್ಟೆಯನ್ನು ಅಲ್ಲಿಗೇ ತರಿಸಿಕೊಂಡರು. ನಾಲ್ಕನೆಯ ಮೂಟೆಗೆ ಸೊಸೆ ಸೋಪಿನ ಕೈ ಒರೆಸುತ್ತ ಹೊರಗೆ ಬಂದಳು. ಅತ್ತೆ ಆಗತಾನೆ ಕಕ್ಕಸಿನ ಚಿಲಕ ತೆಗೆದು, ಕೊಡೆಯಿಲ್ಲದೆ, ಯಾರ ಮುಖವನ್ನೂ ನೋಡದೆ ಅಡುಗೆಮನೆಗೆ ನಡೆದುಹೋದರು. ಕಕ್ಕಸು ತೇಗಲಿಲ್ಲ.

"ಇನ್ನೂ ಎರಡು ದಿನ ನೋಡೋಣ," ಎಂದರು ಮಾವ ದಿಬ್ಬದ ಮೇಲಿನ ಕಣ್ಣು ತೆಗೆಯದೆ. "ಈ ಜೇಡೀನ ನಂಬೋಕಾಗಲ್ಲ."

"ಎರಡು ದಿನ ಯಾಕೆ ಮಾವ? ಎರಡು ವರ್ಷ ನೋಡಿ. ಸ್ಟೂಲು ಸಾಲದಿದ್ರೆ ಕುರ್ಚಿ ತಂದುಕೊಡ್ತೀನಿ. ನೀವು ನೋಡ್ತಾ ಇರಿ, ನಾನು ಒಗೀತಾ ಇರ್ತೀನಿ," ಎಂದು ಸೊಸೆ ಒಳಗೆ ಹೋಗಿ ಐದನೆಯ ಮೂಟೆಯ ಗಂಟು ಬಿಚ್ಚಿದಳು.